ಲಾಗ್‌ನಲ್ಲಿ ಮತ್ತೆ ಮತ್ತೆ ಕಾಣುವುದೆಲ್ಲ ಕಾರಣವಲ್ಲ

ಪ್ರಶ್ನೆ: ಸರ್, ನಾನು ಬೆಂಗಳೂರಿನ ಪೀಣ್ಯದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಚಿಕ್ಕ ಘಟಕದಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಆರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ, ಲೋಹ ಕಡಿಯುವ) ಮಿಷನ್ ಇವೆ. ಎಂಟು ತಿಂಗಳ ಅಲಾರಂ ಲಾಗ್ ಎಲ್ಲಾ ಒಂದು ಕಡೆ ಸೇರಿಸಿದ್ದೇನೆ: ಯಾವ ಮಿಷನ್, ಯಾವ ಅಲಾರಂ, ಎಷ್ಟು ಹೊತ್ತಿಗೆ. ಸ್ಪಿಂಡಲ್ (ಮಿಷನ್‌ನ ತಿರುಗುವ ದಂಡ) ಓವರ್‌ಲೋಡ್ ಆಗಿ ಮಿಷನ್ ನಿಲ್ಲೋದು ನಮ್ಮ ದೊಡ್ಡ ತಲೆನೋವು. ಅದಕ್ಕೆ ಮುಂಚೆ ಏನೇನು ಆಗುತ್ತೆ ಅಂತ ಎಣಿಸಿದೆ. ಅರ್ಧಕ್ಕಿಂತ ಜಾಸ್ತಿ ಸಲ ಹಿಂದಿನ ಹತ್ತು ನಿಮಿಷದೊಳಗೆ ‘ಡೋರ್ ಓಪನ್’ ಇದೆ. ಓನರ್‌ಗೆ ತೋರಿಸಿದರೆ, “ಬಾಗಿಲು ತೆಗೆದರೆ ಸ್ಪಿಂಡಲ್ ಯಾಕಮ್ಮ ನಿಲ್ಲುತ್ತೆ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಜಾಸ್ತಿ ಸಲ ಬರುವ ಸರಣಿ ಬೇಡ, ‘ಯಾಕೆ’ ಅಂತ ಹೇಳುವ ಸರಣಿ ಬೇಕು. ಅದನ್ನು ಹುಡುಕೋದು ಹೇಗೆ? ಯಾವ ಸಾಫ್ಟ್‌ವೇರ್ ಬೇಕು?

ಉತ್ತರ: ಮೊದಲು ಬಾಗಿಲಿನ ವಿಚಾರ ಮುಗಿಸೋಣ. ನಿಮ್ಮ ಎಣಿಕೆ ತಪ್ಪಲ್ಲ. ಓನರ್ ಅನುಮಾನವೂ ತಪ್ಪಲ್ಲ.

ಬಾಗಿಲು ದಿನಕ್ಕೆ ಎಷ್ಟು ಸಲ ತೆಗೆಯುತ್ತೀರಿ? ಮುಗಿದ ಪೀಸ್ ತೆಗೆದು ಹೊಸದು ಹಾಕಲು ಪ್ರತಿ ಸಲವೂ ತೆಗೆಯಲೇಬೇಕು. ಎಂಟು ಗಂಟೆಯ ಶಿಫ್ಟಿನಲ್ಲಿ 40 ಸಲ ಅಂತ ಇಟ್ಟುಕೊಳ್ಳಿ. ಅಂದರೆ ಸುಮಾರು 12 ನಿಮಿಷಕ್ಕೊಮ್ಮೆ. ಈಗ ಸ್ಪಿಂಡಲ್ ವಿಷಯ ಪೂರ್ತಿ ಮರೆತು, ಕಣ್ಣು ಮುಚ್ಚಿ ಶಿಫ್ಟಿನ ಯಾವುದೋ ಒಂದು ಗಳಿಗೆಯ ಮೇಲೆ ಬೆರಳಿಡಿ. ಅದರ ಹಿಂದಿನ 10 ನಿಮಿಷದಲ್ಲಿ ಬಾಗಿಲು ತೆಗೆದಿರುವ ಸಾಧ್ಯತೆ ಎಷ್ಟು? ಗಡಿಯಾರದ ಹಾಗೆ ಸರಿಯಾಗಿ 12 ನಿಮಿಷಕ್ಕೊಮ್ಮೆ ತೆಗೆಯುತ್ತಿದ್ದರೆ ಹನ್ನೆರಡರಲ್ಲಿ ಹತ್ತು, ಅಂದರೆ ನೂರಕ್ಕೆ 83. ಹೊತ್ತುಗೊತ್ತಿಲ್ಲದೆ ತೆಗೆಯುತ್ತಿದ್ದರೂ ನೂರಕ್ಕೆ 57ರ ಹತ್ತಿರ ಬರುತ್ತದೆ. ನಿಮಗೆ ಸಿಕ್ಕಿದ್ದು ‘ಅರ್ಧಕ್ಕಿಂತ ಜಾಸ್ತಿ’. ಸ್ಪಿಂಡಲ್ ನಿಂತರೂ ಅಷ್ಟೇ, ನಿಲ್ಲದಿದ್ದರೂ ಅಷ್ಟೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯ್ತು ಅಂತಾರಲ್ಲ, ಇಲ್ಲಿ ಕಾಗೆ ಹನ್ನೆರಡು ನಿಮಿಷಕ್ಕೊಮ್ಮೆ ಬಂದು ಕೂರುತ್ತಿದೆ. ಕೊಂಬೆ ಯಾವಾಗ ಮುರಿದರೂ ಕಾಗೆ ಅಲ್ಲೇ ಇರುತ್ತದೆ.

ಈಗ ಇನ್ನೊಂದು ಅಲಾರಂ ತೆಗೆದುಕೊಳ್ಳೋಣ. ‘ಕೂಲೆಂಟ್ ಪ್ರೆಶರ್ ಲೋ’ (ಕಡಿಯುವ ಜಾಗವನ್ನು ತಂಪು ಮಾಡುವ ದ್ರವದ ಒತ್ತಡ ಕಮ್ಮಿ) ವಾರಕ್ಕೆ ಮೂರೇ ಸಲ ಬರುತ್ತದೆ ಅಂದುಕೊಳ್ಳಿ. ವಾರಕ್ಕೆ ಆರು ಶಿಫ್ಟ್ ಹಿಡಿದರೆ 2,880 ನಿಮಿಷ. ಯಾವುದೋ ಒಂದು ಗಳಿಗೆಯ ಹಿಂದಿನ 10 ನಿಮಿಷದಲ್ಲಿ ಈ ಅಲಾರಂ ಇರುವ ಸಾಧ್ಯತೆ ನೂರಕ್ಕೆ ಒಂದು. ಸ್ಪಿಂಡಲ್ 90 ಸಲ ನಿಂತಿದ್ದರೆ, ಬರೀ ಆಕಸ್ಮಿಕಕ್ಕೆ ಒಂದು ಸಲ ಜೊತೆಗೆ ಕಾಣಬೇಕು. ನಿಮ್ಮ ಲಾಗ್‌ನಲ್ಲಿ 12 ಸಲ ಕಂಡರೆ? ಅದು ನೂರಕ್ಕೆ 13 ಅಷ್ಟೇ. ಎಷ್ಟು ಸಲ ಬಂತು ಅಂತ ಪಟ್ಟಿ ಮಾಡಿದರೆ ಬಾಗಿಲು ಮೇಲೆ ಇರುತ್ತದೆ, ಇದು ತಳದಲ್ಲೆಲ್ಲೋ ಬಿದ್ದಿರುತ್ತದೆ. ಆದರೆ ಆಕಸ್ಮಿಕಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಬಂದಿರುವುದು ಇದೇ. ಕೂಲೆಂಟ್ ಕಮ್ಮಿಯಾದರೆ ಚಿಪ್ಸ್ (ಲೋಹದ ಚೂರು) ಕೊಚ್ಚಿಹೋಗುವುದಿಲ್ಲ, ಇನ್ಸರ್ಟ್ (ಕಡಿಯುವ ಮೊನೆ) ಬಿಸಿಯಾಗಿ ಬೇಗ ಸವೆಯುತ್ತದೆ, ಕಡಿತಕ್ಕೆ ಜಾಸ್ತಿ ಬಲ ಬೇಕಾಗುತ್ತದೆ, ಸ್ಪಿಂಡಲ್ ಮೇಲೆ ಲೋಡ್ ಏರುತ್ತದೆ. ಓನರ್ “ಯಾಕಮ್ಮ?” ಅಂದರೆ ಹೇಳಲು ನಿಮ್ಮ ಹತ್ತಿರ ಒಂದು ದಾರಿ ಇದೆ.

ಹಾಗಾಗಿ ‘ಎಷ್ಟು ಸಲ ಬಂತು’ ಅಂತ ಕೇಳುವುದನ್ನು ಬಿಡಿ. ‘ಸುಮ್ನೆ ಇದ್ದಿದ್ದರೂ ಎಷ್ಟು ಸಲ ಬರುತ್ತಿತ್ತು, ಅದಕ್ಕಿಂತ ಎಷ್ಟು ಜಾಸ್ತಿ ಬಂದಿದೆ’ ಅಂತ ಕೇಳಿ. ನನ್ನ ಉತ್ತರದ ಮುಕ್ಕಾಲು ಪಾಲು ಇದೇ. ಉಳಿದ ಕಾಲು ಪಾಲು, ಈ ಪ್ರಶ್ನೆ ಕೇಳುವಾಗ ಎಲ್ಲೆಲ್ಲಿ ಎಡವುತ್ತೇವೆ ಅನ್ನುವುದು.

ಮೊದಲು ಎಡವುವುದು ಎಣಿಸುವುದರಲ್ಲೇ. ಇದು ನಿಮ್ಮೊಬ್ಬರ ಕಷ್ಟ ಅಲ್ಲ. 1990ರ ದಶಕದಲ್ಲಿ ಫಿನ್‌ಲ್ಯಾಂಡಿನಲ್ಲಿ ಟೆಲಿಫೋನ್ ಜಾಲದ ಅಲಾರಂಗಳ ರಾಶಿ ಮುಂದೆ ಕೂತವರಿಗೂ ಇದೇ ಎದುರಾಯಿತು. ಹೆಲ್ಸಿಂಕಿ ವಿಶ್ವವಿದ್ಯಾಲಯದ ಹೈಕಿ ಮನ್ನಿಲಾ, ಹನ್ನು ಟೊಯ್ವೊನೆನ್, ಇಂಕೇರಿ ವೆರ್ಕಾಮೊ ಅವರು ‘ಎಪಿಸೋಡ್’ ಎಂಬ ಕಲ್ಪನೆ ತಂದರು. ‘ಇದಾದ ಮೇಲೆ ಅದು, ಅದಾದ ಮೇಲೆ ಮತ್ತೊಂದು’ ಎಂಬ ಸಣ್ಣ ಸರಣಿ ಒಂದು ಎಪಿಸೋಡ್. ನಡುವೆ ಬೇರೆ ಅಲಾರಂ ನುಗ್ಗಿದರೂ ಪರವಾಗಿಲ್ಲ, ಕ್ರಮ ಸರಿಯಿದ್ದರೆ ಸಾಕು. 1997ರಲ್ಲಿ ಬಂದ ಅವರ ಲೇಖನ ಈ ವಿಷಯಕ್ಕೆ ಅಡಿಪಾಯ ಇದ್ದ ಹಾಗೆ. ಲಾಗ್ ಮೇಲೆ ಒಂದು ಅಳತೆಯ ಕಿಟಕಿ ಇಟ್ಟು, ಅದನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಎಷ್ಟು ಕಿಟಕಿಯಲ್ಲಿ ಸರಣಿ ಕಂಡಿತು ಅಂತ ಎಣಿಸುವುದು ಅವರ ಒಂದು ವಿಧಾನ.

ಇದನ್ನು ಹತ್ತಿರದಿಂದ ನೋಡಿ. ಹತ್ತು ನಿಮಿಷ ಅಗಲದ ಕಿಟಕಿ, ಒಂದೊಂದು ನಿಮಿಷ ಸರಿಯುತ್ತದೆ. 10ನೇ ನಿಮಿಷಕ್ಕೆ ಕೂಲೆಂಟ್ ಅಲಾರಂ, 12ನೇ ನಿಮಿಷಕ್ಕೆ ಸ್ಪಿಂಡಲ್. ಎರಡೂ ಒಟ್ಟಿಗೆ ಕಾಣುವ ಕಿಟಕಿಗಳು ಎಂಟು. ಸ್ಪಿಂಡಲ್ 19ನೇ ನಿಮಿಷಕ್ಕೆ ನಿಂತಿದ್ದರೆ ಒಂದೇ ಕಿಟಕಿ. ನಡೆದದ್ದು ಎರಡು ಸಂದರ್ಭದಲ್ಲೂ ಒಂದೊಂದೇ ಸಲ. ಲೆಕ್ಕದಲ್ಲಿ ಮಾತ್ರ ಒಂದು ಕಡೆ ಎಂಟು, ಇನ್ನೊಂದು ಕಡೆ ಒಂದು.

ಸರಿ, ಕಿಟಕಿ ಬೇಡ, ಜೋಡಿಗಳನ್ನೇ ನೇರವಾಗಿ ಎಣಿಸೋಣ ಅಂದರೆ ಇನ್ನೊಂದು ತೊಂದರೆ. ಕೂಲೆಂಟ್ ಅಲಾರಂ ಒಂದರ ಹಿಂದೆ ಒಂದು ಮೂರು ಸಲ ಬಂತು. ಆಮೇಲೆ ಸ್ಪಿಂಡಲ್ ನಿಂತಿತು. ಆಪರೇಟರ್ ರೀಸೆಟ್ ಒತ್ತಿದರು, ಮತ್ತೆ ನಿಂತಿತು. ಇನ್ನೊಮ್ಮೆ ಒತ್ತಿದರು, ಮತ್ತೆ ನಿಂತಿತು. ಮೂರು ಕೂಲೆಂಟ್, ಮೂರು ಸ್ಪಿಂಡಲ್: ಜೋಡಿಗಳು ಒಂಬತ್ತು! ಆದರೆ ಶಾಪ್‌ನಲ್ಲಿ ನಡೆದದ್ದು ಒಂದೇ ಕೆಡುಕು.

ಇದಕ್ಕೊಂದು ಚೊಕ್ಕ ಪರಿಹಾರ ನಿಮ್ಮ ಪೀಣ್ಯದ ಪಕ್ಕದಲ್ಲೇ ಬೆಳೆಯಿತು. ಯಶವಂತಪುರ ದಾಟಿದರೆ ಸಿಗುವ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದ ಪಿ. ಎಸ್. ಶಾಸ್ತ್ರಿ, ಅವರ ಜೊತೆ ಶ್ರೀವತ್ಸನ್ ಲಕ್ಷ್ಮಣ್, ಜನರಲ್ ಮೋಟಾರ್ಸ್‌ನ ಕೆ. ಪಿ. ಉನ್ನಿಕೃಷ್ಣನ್ ಸೇರಿ ಕೆಲಸ ಮಾಡಿದರು. ಅವರ ಮುಂದಿದ್ದದ್ದೂ ಕಾರು ಎಂಜಿನ್ ತಯಾರಿಸುವ ಕಡೆಯ ಮಿಷನ್ ದೋಷಗಳ ಲಾಗ್. ಅವರ ನಿಯಮ ಇಷ್ಟೇ: ಒಂದು ಸರಣಿ ಪೂರ್ತಿ ಮುಗಿಯುವವರೆಗೆ ಅದೇ ಸರಣಿಯ ಮುಂದಿನ ಎಣಿಕೆ ಶುರು ಮಾಡುವ ಹಾಗಿಲ್ಲ. ಒಂದರ ಮೇಲೊಂದು ಬೀಳದ ಎಣಿಕೆ. ಮೇಲಿನ ಒಂಬತ್ತು ಈಗ ಒಂದಾಗುತ್ತದೆ. ಈ ಎಣಿಕೆಯ ಹೆಚ್ಚುಗಾರಿಕೆ ಅಷ್ಟಕ್ಕೇ ಮುಗಿಯಲಿಲ್ಲ. ಹೀಗೆ ಎಣಿಸಿದಾಗ, ಒಂದೇ ಉದ್ದದ ಸರಣಿಗಳಲ್ಲಿ ಯಾವುದು ಜಾಸ್ತಿ ಸಲ ಬರುತ್ತದೋ ಅದಕ್ಕೆ ಹೊಂದುವ ಸಂಭವನೀಯತೆಯ ಮಾದರಿಯೇ ಆ ಲಾಗ್ ಅನ್ನು ಹುಟ್ಟಿಸಿರುವ ಸಾಧ್ಯತೆ ಜಾಸ್ತಿ ಅಂತ 2005ರಲ್ಲಿ ಅವರು ಗಣಿತದಿಂದ ತೋರಿಸಿದರು. ಬರೀ ಎಣಿಕೆಗೆ ಒಂದು ಅರ್ಥ ಬಂದದ್ದು ಆಗ. ಇದೇ ಬಗೆಯ ಎಣಿಕೆಯನ್ನು ಮುಂದೆ ನರಕೋಶಗಳ ಮಿಡಿತದ ದಾಖಲೆಗೂ ಬಳಸಿದರು. ನನಗೆ ಈ ಕೆಲಸದ ಮೇಲೆ ತುಂಬಾ ಅಭಿಮಾನ. ನಮ್ಮೂರಲ್ಲಿ ನಡೆದದ್ದು ಅಂತ ಮಾತ್ರವಲ್ಲ, ಶಾಪ್ ಫ್ಲೋರಿನ ಕಷ್ಟದಿಂದ ಹುಟ್ಟಿದ ಗಣಿತ ಇದು.

ನೀವು ಮಾಡಬೇಕಾದದ್ದು: ಎಣಿಸುವ ಮೊದಲು ಲಾಗ್ ತೊಳೆಯಿರಿ. ಒಂದೇ ಮಿಷನ್‌ನಲ್ಲಿ ಒಂದೇ ಅಲಾರಂ ಐದು ನಿಮಿಷದೊಳಗೆ ಮತ್ತೆ ಮತ್ತೆ ಬಂದರೆ ಮೊದಲನೆಯದನ್ನು ಮಾತ್ರ ಉಳಿಸಿ. ಸ್ಪಿಂಡಲ್ ನಿಂತ ಅರ್ಧ ಗಂಟೆಯೊಳಗೆ ಅದೇ ಮಿಷನ್‌ನಲ್ಲಿ ಮತ್ತೆ ನಿಂತರೆ ಎರಡನ್ನೂ ಒಂದೇ ನಿಲುಗಡೆ ಅಂತ ಹಿಡಿಯಿರಿ. ಇದೇನು ಸಣ್ಣ ವಿಷಯ ಅನ್ನಿಸಬಹುದು. 1994ರ ಜುಲೈನಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ರಿಫೈನರಿಯಲ್ಲಿ ಸ್ಫೋಟ ಆಗುವ ಮುಂಚಿನ 11 ನಿಮಿಷದಲ್ಲಿ ಕಂಟ್ರೋಲ್ ರೂಮಿನ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದಿದ್ದವು. ಮನುಷ್ಯರಿಗೆ ಅಷ್ಟನ್ನು ಓದಿ ಮುಗಿಸಲೂ ಆಗುವುದಿಲ್ಲ. ಇಂಥ ಒಂದು ಹತ್ತು ನಿಮಿಷ ನಿಮ್ಮ ಲಾಗ್‌ನಲ್ಲಿ ಇದ್ದರೆ, ಎಂಟು ತಿಂಗಳ ಎಣಿಕೆಯನ್ನು ಅದೊಂದೇ ಎಳೆದಾಡುತ್ತದೆ.

ಆಮೇಲೆ ಆ ‘ಹತ್ತು ನಿಮಿಷ’. ಅದು ಎಲ್ಲಿಂದ ಬಂತು? ಬಹುಶಃ ಸುಮ್ನೆ ಒಂದು ಅಂದಾಜಿಗೆ ಇಟ್ಟುಕೊಂಡಿದ್ದೀರಿ. ತಪ್ಪೇನಿಲ್ಲ, ಎಲ್ಲರೂ ಹಾಗೇ ಶುರು ಮಾಡುವುದು. ಆದರೆ ಒಂದು ಕೆಲಸ ಮಾಡಿ. ಪ್ರತಿ ನಿಲುಗಡೆಗೂ ಮುಂಚಿನ ಕೂಲೆಂಟ್ ಅಲಾರಂ ಎಷ್ಟು ನಿಮಿಷ ಹಿಂದೆ ಇತ್ತು ಅಂತ ಬರೆದು, ಒಂದು ಗಂಟೆಯವರೆಗಿನ ಅಂತರಗಳನ್ನು ಕಂಬದ ಚಿತ್ರ ಮಾಡಿ ನೋಡಿ. ಕಂಬಗಳು ನಾಲ್ಕರಿಂದ ಏಳು ನಿಮಿಷದ ನಡುವೆ ಗುಡ್ಡೆಯಾಗಿ ಉಳಿದ ಕಡೆ ಸಪಾಟಾಗಿದ್ದರೆ, ಒಳಗೆ ಏನೋ ಯಾಂತ್ರಿಕ ಕ್ರಿಯೆ ನಡೆಯುತ್ತಿದೆ. ಅದಕ್ಕೆ ಅಷ್ಟು ಹೊತ್ತು ಹಿಡಿಯುತ್ತಿದೆ. ಗುಡ್ಡೆಯೇ ಇಲ್ಲದಿದ್ದರೆ ನಂಟು ಇರುವ ಸಾಧ್ಯತೆ ಕಮ್ಮಿ. ಜಪಾನಿನ ಭೂಕಂಪ ತಜ್ಞ ಫುಸಾಕಿಚಿ ಒಮೊರಿ ಮಾಡಿದ್ದೂ ಹೆಚ್ಚುಕಡಿಮೆ ಇದೇ. 1891ರ ನೋಬಿ ಭೂಕಂಪದ ನಂತರದ ಸಣ್ಣ ಕಂಪನಗಳನ್ನೂ ಲೆಕ್ಕಕ್ಕೆ ಹಿಡಿದು, ದಿನ ಕಳೆದಂತೆ ಅವು ಒಂದು ಗೊತ್ತಾದ ರೀತಿಯಲ್ಲೇ ಇಳಿಯುತ್ತವೆ ಅಂತ 1894ರಲ್ಲಿ ತೋರಿಸಿದರು. ಅಂತರದ ಆಕಾರವೇ ಅವರಿಗೆ ಸುಳಿವು ಕೊಟ್ಟಿತು.

ಇಲ್ಲಿಗೆ ನೀವು ಕೂಲೆಂಟ್ ಒಂದನ್ನೇ ನೋಡುತ್ತಿದ್ದೀರಿ. ಎಲ್ಲಾ ಅಲಾರಂಗಳನ್ನೂ ಜರಡಿ ಹಿಡಿಯಲು ಹೊರಟರೆ ಮೋಸ ಹೋಗುವ ಜಾಗ ಬರುತ್ತದೆ. 200 ಬಗೆಯ ಅಲಾರಂ ಇದ್ದರೆ ‘ಇದಾದ ಮೇಲೆ ಅದು’ ಅನ್ನುವ ಜೋಡಿಗಳೇ 39,800. ಮೂರರ ಸರಣಿಗೆ ಹೋದರೆ 78 ಲಕ್ಷ ದಾಟುತ್ತದೆ. ಆಕಸ್ಮಿಕವಾಗಿ ನೂರರಲ್ಲೊಂದು ಮಾತ್ರ ದಾಟಬಹುದಾದ ಬಿಗಿ ಜರಡಿ ಹಿಡಿದರೂ, 39,800ರಲ್ಲಿ ಸುಮಾರು 400 ಜೋಡಿ ಯಾವ ಅರ್ಥವೂ ಇಲ್ಲದೆ ದಾಟಿ ಬರುತ್ತವೆ. ಅವುಗಳಲ್ಲಿ ಹತ್ತಕ್ಕಾದರೂ ನೀವು ಒಳ್ಳೆಯ ಕಥೆ ಕಟ್ಟಬಲ್ಲಿರಿ. ಅನುಭವ ಇರುವವರಿಗೆ ಕಥೆ ಕಟ್ಟುವುದು ಇನ್ನೂ ಸುಲಭ. ಅದಕ್ಕೇ ಭಯ.

ಎರಡು ಕಾವಲು ಇಟ್ಟುಕೊಳ್ಳಿ. ಒಂದು, ಮೊದಲ ಆರು ತಿಂಗಳಲ್ಲಿ ಮಾತ್ರ ಹುಡುಕಿ. ಕೊನೆಯ ಎರಡು ತಿಂಗಳ ಲಾಗ್ ಮುಟ್ಟಬೇಡಿ, ತೆರೆದೂ ನೋಡಬೇಡಿ. ಹತ್ತು ಹನ್ನೆರಡು ಜೋಡಿ ಆರಿಸಿಕೊಂಡ ಮೇಲೆ ಅವು ಆ ಎರಡು ತಿಂಗಳಲ್ಲೂ ನಿಲ್ಲುತ್ತವಾ ನೋಡಿ. ಎಷ್ಟೊಂದು ಚೆಂದದ ಸರಣಿಗಳು ಅಲ್ಲಿ ಉದುರಿಹೋಗುತ್ತವೆ ಅಂದರೆ, ಮೊದಲ ಸಲ ನೋಡಿದಾಗ ಬೇಜಾರಾಗುತ್ತದೆ.

ಎರಡು, ಪಟ್ಟಿ ಸರಿಸುವುದು. ಉದ್ದನೆಯ ಎರಡು ಕಾಗದದ ಪಟ್ಟಿ ಅಂದುಕೊಳ್ಳಿ. ಒಂದರ ಮೇಲೆ ನಿಲುಗಡೆಗಳು, ಇನ್ನೊಂದರ ಮೇಲೆ ಉಳಿದ ಅಲಾರಂಗಳು. ನಿಲುಗಡೆಯ ಪಟ್ಟಿಯನ್ನು ಸರಿಯಾಗಿ ಒಂದು ವಾರ ಮುಂದಕ್ಕೆ ತಳ್ಳಿ, ಕೊನೆಯಲ್ಲಿ ಹೊರಗೆ ಚಾಚಿದ ಭಾಗವನ್ನು ಶುರುವಿಗೆ ತಂದು ಅಂಟಿಸಿ. ಮತ್ತೆ ಎಣಿಸಿ. ಆಮೇಲೆ ಎರಡು ವಾರ ತಳ್ಳಿ, ಮೂರು ವಾರ ತಳ್ಳಿ. ಪೂರ್ತಿ ವಾರದ ಲೆಕ್ಕದಲ್ಲೇ ಯಾಕೆ? ಸೋಮವಾರ ಬೆಳಗಿನ ನಿಲುಗಡೆ ಇನ್ನೊಂದು ಸೋಮವಾರ ಬೆಳಗ್ಗೆಯೇ ಬೀಳುತ್ತದೆ. ಶಿಫ್ಟ್, ಊಟದ ಬಿಡುವು, ವಾರದ ರಜೆ ಎಲ್ಲಾ ಹಾಗೇ ಉಳಿಯುತ್ತದೆ. ಮುರಿಯುವುದು ಒಂದೇ: ಆ ಅಲಾರಂಗೂ ಆ ನಿಲುಗಡೆಗೂ ಇದ್ದ ನೇರ ನಂಟು. 34 ವಾರದ ಲಾಗ್‌ಗೆ 33 ಬೇರೆ ಬೇರೆ ರೀತಿಯಲ್ಲಿ ತಳ್ಳಬಹುದು. 33 ಎಣಿಕೆಗಳಲ್ಲೂ ಮೂರು ನಾಲ್ಕು ಬಂದು, ತಳ್ಳದೇ ಇದ್ದಾಗ 12 ಬಂದಿದ್ದರೆ ಆ ಜೋಡಿಯನ್ನು ಕೈಬಿಡಬೇಡಿ. ಬಾಗಿಲನ್ನೂ ಹೀಗೇ ತಳ್ಳಿ ನೋಡಿ. ಎಷ್ಟು ತಳ್ಳಿದರೂ ಎಣಿಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಓನರ್‌ಗೆ ಇದನ್ನೇ ತೋರಿಸಬಹುದು.

ಇದೇ ಯೋಚನೆಯ ಇನ್ನೊಂದು ರೂಪ ವೈದ್ಯರ ಕಡೆಯಿಂದ ಬಂದಿದೆ. ನನಗೆ ಇದು ತುಂಬಾ ಇಷ್ಟ. ಮೊಬೈಲ್‌ನಲ್ಲಿ ಮಾತಾಡುತ್ತಾ ಗಾಡಿ ಓಡಿಸಿದರೆ ಅಪಘಾತ ಜಾಸ್ತಿಯಾಗುತ್ತದಾ? ಮೊಬೈಲ್ ಇರುವವರನ್ನೂ ಇಲ್ಲದವರನ್ನೂ ಹೋಲಿಸಿದರೆ ಗೊತ್ತಾಗುವುದಿಲ್ಲ. ಅವರ ವಯಸ್ಸು, ಸ್ವಭಾವ, ಓಡಾಡುವ ದೂರ ಎಲ್ಲಾ ಬೇರೆ. ಟೊರಾಂಟೊದಲ್ಲಿ ಡೊನಾಲ್ಡ್ ರೆಡೆಲ್‌ಮೈರ್ ಮತ್ತು ರಾಬರ್ಟ್ ಟಿಬ್ಶಿರಾನಿ ಅಪಘಾತ ಮಾಡಿಕೊಂಡ 699 ಚಾಲಕರ ಫೋನ್ ಬಿಲ್ ತೆಗೆಸಿ ನೋಡಿದರು. ಅಪಘಾತದ ಹಿಂದಿನ ಕೆಲವು ನಿಮಿಷದಲ್ಲಿ ಕರೆ ಇತ್ತಾ? ಅದೇ ಚಾಲಕ, ಅದರ ಹಿಂದಿನ ದಿನ, ಅದೇ ಹೊತ್ತಿನಲ್ಲಿ ಕರೆ ಇತ್ತಾ? ಹೋಲಿಕೆ ಒಬ್ಬೊಬ್ಬರಿಗೂ ಅವರ ಜೊತೆಗೇ. ಹಾಗಾಗಿ ವಯಸ್ಸು, ಸ್ವಭಾವದ ತಕರಾರೇ ಬರುವುದಿಲ್ಲ. 1997ರಲ್ಲಿ ಪ್ರಕಟವಾದ ಅವರ ಉತ್ತರ: ಅಪಾಯ ನಾಲ್ಕು ಪಟ್ಟು.

ಇದರಲ್ಲಿ ಒಂದು ಸೂಕ್ಷ್ಮ ಇದೆ, ನಿಮಗೆ ನೇರವಾಗಿ ಬೇಕಾದದ್ದು. ಹಿಂದಿನ ದಿನ ಆ ಹೊತ್ತಿನಲ್ಲಿ ಆ ಮನುಷ್ಯ ಗಾಡಿಯನ್ನೇ ಓಡಿಸುತ್ತಿರಲಿಲ್ಲವಾದರೆ? ಆಗ ಹೋಲಿಕೆ ಕೆಡುತ್ತದೆ. ಅವರು ಅದನ್ನೂ ಲೆಕ್ಕಕ್ಕೆ ತಂದುಕೊಂಡರು. ನೀವೂ ತಂದುಕೊಳ್ಳಬೇಕು. ಮಂಗಳವಾರ 11 ಗಂಟೆಗೆ ಮೂರನೇ ಮಿಷನ್ ನಿಂತಿತು ಅಂದರೆ, ಅದೇ ಮಿಷನ್‌ನ ಬೇರೆ ಮಂಗಳವಾರಗಳ 11 ಗಂಟೆ ಆರಿಸಿ. ಆದರೆ ಆ ಹೊತ್ತಿಗೆ ಮಿಷನ್ ನಿಜವಾಗಿ ಓಡುತ್ತಿರಬೇಕು. ಸೆಟ್ಟಿಂಗ್ ಮಾಡುತ್ತಿದ್ದ, ಕರೆಂಟ್ ಹೋಗಿದ್ದ, ಕೆಲಸವಿಲ್ಲದೆ ನಿಂತಿದ್ದ ಹೊತ್ತುಗಳನ್ನು ಸೇರಿಸಿಕೊಂಡರೆ ಅಲ್ಲಿ ಯಾವ ಅಲಾರಂ ಕೂಡ ಇರುವುದಿಲ್ಲ. ಆಗ ನಿಲುಗಡೆಗೆ ಮುಂಚಿನ ಎಲ್ಲಾ ಅಲಾರಂಗಳೂ ದೊಡ್ಡ ಅಪರಾಧಿಗಳ ಹಾಗೆ ಕಾಣುತ್ತವೆ. ಹೋಲಿಸಲು ಆರಿಸುವ ಹೊತ್ತು ಸರಿ ಇಲ್ಲದಿದ್ದರೆ ಮುಂದಿನ ಲೆಕ್ಕ ಎಲ್ಲವೂ ದಂಡ.

ಇಷ್ಟೆಲ್ಲ ದಾಟಿ ಬಂದ ಸರಣಿಯನ್ನು ಕಾರಣ ಅನ್ನಬಹುದಾ? ಇನ್ನೂ ಇಲ್ಲ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಅಂತ ನಂಬಿದ್ದ ಅಜ್ಜಿಯ ಕಥೆ ಗೊತ್ತಲ್ವಾ? ಆ ಕೋಳಿ ನಾನು ಹೇಳಿದ ಹಲವು ಪರೀಕ್ಷೆಗಳಲ್ಲಿ ಪಾಸಾಗುತ್ತದೆ. ಬೆಳಗಾಗುವ ಮುಂಚೆ ಕೂಗುತ್ತದೆ, ದಿನಾ ಕೂಗುತ್ತದೆ, ಬೇರೆ ಹೊತ್ತಿನಲ್ಲಿ ಕಮ್ಮಿ ಕೂಗುತ್ತದೆ, ಮುಂದಿನ ಎರಡು ತಿಂಗಳೂ ಹಾಗೇ. ಮುನ್ಸೂಚನೆಗೆ ಕೋಳಿ ಒಳ್ಳೆಯದು. ಕೋಳಿ ಇಟ್ಟುಕೊಂಡು ಬೆಳಗಾಗುವುದನ್ನು ತಡೆಯಲು ಮಾತ್ರ ಆಗುವುದಿಲ್ಲ. ನಿಮ್ಮ ಕೂಲೆಂಟ್ ಅಲಾರಂ ಕೋಳಿಯೋ ಅಲ್ಲವೋ ಅನ್ನುವುದನ್ನು ಲಾಗ್ ಒಂದೇ ಹೇಳಲಾರದು.

ಯಾಕೆ ಹೇಳಲಾರದು ಅನ್ನುವುದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದಲ್ಲಿ ಕರೆಂಟ್ ಹೋದದ್ದು. ಸುಮಾರು ಐದು ಕೋಟಿ ಜನ ಕತ್ತಲಲ್ಲಿ ಉಳಿದರು. ಒಹಾಯೊ ರಾಜ್ಯದಲ್ಲಿ ಮಧ್ಯಾಹ್ನ 1:31ಕ್ಕೆ ಒಂದು ಉತ್ಪಾದನಾ ಘಟಕ ಟ್ರಿಪ್ ಆಯಿತು. 3:05ಕ್ಕೆ ಒಂದು 345 ಕಿಲೋವೋಲ್ಟ್ ಲೈನ್ ಟ್ರಿಪ್. 3:32ಕ್ಕೆ ಇನ್ನೊಂದು. 3:41ಕ್ಕೆ ಮತ್ತೊಂದು. ಸಂಜೆ ನಾಲ್ಕು ಗಂಟೆ ದಾಟುತ್ತಿದ್ದ ಹಾಗೆ ಸರಪಳಿ ಪೂರ್ತಿ ಬಿಚ್ಚಿಕೊಂಡಿತು. ಈ ಸಾಲನ್ನು ಮಾತ್ರ ನೋಡಿದವರು ‘ಲೋಡ್ ಜಾಸ್ತಿಯಾಗಿ ಲೈನ್ ಒಂದೊಂದಾಗಿ ಬಿತ್ತು’ ಅನ್ನುತ್ತಾರೆ. ಆದರೆ 3:05ಕ್ಕೆ ಬಿದ್ದ ಮೊದಲ ಲೈನ್ ಮೇಲೆ ಇದ್ದ ಲೋಡ್ ಅದು ತಾಳಬಲ್ಲದ್ದರ ನೂರಕ್ಕೆ 44 ಮಾತ್ರ. ಅದು ಬಿದ್ದದ್ದು ಕೆಳಗೆ ಬೆಳೆದ ಮರಕ್ಕೆ ತಾಗಿ. ಮುಂದಿನ ಎರಡು ಲೈನ್‌ಗಳೂ ಮರಕ್ಕೆ ತಾಗಿಯೇ ಬಿದ್ದವು. ಕೊಂಬೆ ಕಡಿಯದೆ ಬಿಟ್ಟಿದ್ದರು.

ಮರ ಯಾವ ಲಾಗ್‌ನಲ್ಲೂ ಇರುವುದಿಲ್ಲ. ಮರ ಅಲಾರಂ ಕೊಡುವುದಿಲ್ಲ.

ಆ ದಿನ ಲಾಗ್‌ನಲ್ಲಿ ಇಲ್ಲದೇ ಹೋದದ್ದು ಇನ್ನೊಂದಿತ್ತು. 2:14ಕ್ಕೆ ಅಲ್ಲಿನ ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮಿನ ಅಲಾರಂ ಸಾಫ್ಟ್‌ವೇರ್ ಸದ್ದಿಲ್ಲದೆ ಕೆಟ್ಟಿತು. ಕೆಟ್ಟಿದೆ ಅಂತ ಆಪರೇಟರ್‌ಗಳಿಗೆ ಬಹಳ ಹೊತ್ತು ತಿಳಿಯಲಿಲ್ಲ. ಅಲಾರಂ ಬರುತ್ತಿಲ್ಲ, ಹಾಗಾಗಿ ಎಲ್ಲಾ ಚೆನ್ನಾಗಿದೆ ಅಂದುಕೊಂಡರು. ಬರಬೇಕಾದ ಅಲಾರಂ ಬಾರದಿರುವುದೂ ಒಂದು ಘಟನೆಯೇ. ನಿಮ್ಮ ಲಾಗ್‌ನಲ್ಲಿ ದಿನಾ ಬೆಳಗ್ಗೆ ಬರುವ ಯಾವುದಾದರೂ ಸಾಲು ನಿಲುಗಡೆ ಆದ ದಿನ ಮಾತ್ರ ಇಲ್ಲವಾ ಅಂತ ಒಮ್ಮೆ ನೋಡಿ. ಸಾಮಾನ್ಯವಾಗಿ ಸರಣಿ ಹುಡುಕುವ ಸಾಫ್ಟ್‌ವೇರ್‌ಗಳು ಇದನ್ನು ಹುಡುಕುವುದಿಲ್ಲ, ಯಾಕೆಂದರೆ ಅವು ಬಂದದ್ದನ್ನು ಮಾತ್ರ ಎಣಿಸುತ್ತವೆ.

ತನಿಖೆಗೆ ಕೂತವರಿಗೆ ಇನ್ನೂ ಒಂದು ಕಷ್ಟ ಎದುರಾಯಿತು. ಬೇರೆ ಬೇರೆ ಕಡೆಯ ಯಂತ್ರಗಳ ಗಡಿಯಾರ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಜೋಡಿಸುವುದೇ ದೊಡ್ಡ ಕೆಲಸವಾಯಿತು. ನಿಮ್ಮ ಆರು ಮಿಷನ್‌ಗಳ ಗಡಿಯಾರ ಕೊನೆಯ ಸಲ ಸರಿ ಮಾಡಿದ್ದು ಯಾವಾಗ? ನಾಳೆ ಬೆಳಗ್ಗೆ ಮೊಬೈಲ್ ಹಿಡಿದು ಆರೂ ಕಂಟ್ರೋಲರ್ ಮುಂದೆ ನಿಂತು ನೋಡಿ. ನಾಲ್ಕು ನಿಮಿಷದ ವ್ಯತ್ಯಾಸ ಇದ್ದರೆ, ಒಂದು ಮಿಷನ್‌ನಿಂದ ಇನ್ನೊಂದಕ್ಕೆ ಹೋಗುವ ಸರಣಿಗಳೆಲ್ಲ ತಲೆಕೆಳಗಾಗಿರಬಹುದು.

ಮರದ ವಿಷಯಕ್ಕೆ ಬರೋಣ. ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆಯವರು ನನಗೆ ಇಂಥದ್ದೇ ಲಾಗ್ ಕೊಟ್ಟರು. ಟೂಲ್ ಚೇಂಜರ್ ಅಲಾರಂ ಸೋಮವಾರ ಬೆಳಗಿನ ಶಿಫ್ಟಿನಲ್ಲೇ ಜಾಸ್ತಿ, ಅದೂ ಮೂರು ಮಿಷನ್‌ಗಳಲ್ಲಿ ಕೆಲವೇ ನಿಮಿಷದ ಅಂತರದಲ್ಲಿ. ಒಂದನೇ ಮಿಷನ್ ಎರಡನೆಯದನ್ನು ಹೇಗೆ ಕೆಡಿಸುತ್ತದೆ ಅಂತ ಎರಡು ವಾರ ತಲೆಕೆಡಿಸಿಕೊಂಡೆ. ಎಣಿಕೆಯೆಲ್ಲ ಅದನ್ನೇ ಹೇಳುತ್ತಿತ್ತು. ಕಡೆಗೆ ಕಂಪ್ರೆಸರ್ ರೂಮಿನ ಹೆಲ್ಪರ್ ಒಬ್ಬರು ಹೇಳಿದರು: “ಭಾನುವಾರ ರಜ ಸರ್, ಟ್ಯಾಂಕಿನ ನೀರು ಬಿಡೋರು ಯಾರೂ ಇರಲ್ಲ.” ಗಾಳಿ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತಿತ್ತು. ಸೋಮವಾರ ಬೆಳಗ್ಗೆ ಅದು ಗಾಳಿ ಜೊತೆ ಲೈನಿಗೆ ಹೋಗಿ, ಮೂರೂ ಮಿಷನ್‌ಗಳ ವಾಲ್ವ್ ಹಿಡಿದುಕೊಳ್ಳುತ್ತಿತ್ತು. ಒಂದನೆಯದು ಕಂಪ್ರೆಸರ್‌ಗೆ ಹತ್ತಿರ, ಅದಕ್ಕೇ ಮೊದಲು. ಮಿಷನ್‌ಗಳ ನಡುವೆ ಯಾವ ನಂಟೂ ಇರಲಿಲ್ಲ, ಎಲ್ಲಕ್ಕೂ ಗಾಳಿ ಒಂದೇ ಆಗಿತ್ತು.

ಅಂದಿನಿಂದ ನಾನು ಲಾಗ್ ತೆರೆಯುವ ಮೊದಲು ಶಾಪ್‌ನಲ್ಲಿ ಒಂದು ಇಡೀ ದಿನ ಕಳೆಯುತ್ತೇನೆ. ಎಲ್ಲಾ ಮಿಷನ್‌ಗೂ ಸೇರಿದ್ದು ಏನೇನಿದೆ? ಗಾಳಿ, ಕರೆಂಟ್, ಜನರೇಟರ್‌ಗೆ ಬದಲಾಗುವ ಹೊತ್ತು, ಕೂಲೆಂಟ್ ಬ್ಯಾರೆಲ್, ಹೊಸ ಲಾಟ್‌ನ ಮೆಟೀರಿಯಲ್. ಇವೆಲ್ಲ ಲಾಗ್‌ನಲ್ಲಿ ಇರುವುದಿಲ್ಲ, ಗೇಟ್ ರಿಜಿಸ್ಟರ್‌ನಲ್ಲೋ ಸ್ಟೋರ್‌ನವರ ಪುಸ್ತಕದಲ್ಲೋ ಇರುತ್ತವೆ. ಅವನ್ನೂ ಒಂದೊಂದು ಘಟನೆಯಾಗಿ, ಹೊತ್ತು ಹಾಕಿ, ಲಾಗ್ ಒಳಗೆ ಸೇರಿಸಿ. ನಿಮ್ಮ ಸ್ಪಿಂಡಲ್ ಓವರ್‌ಲೋಡ್ ವಿಷಯದಲ್ಲಿ ಮೆಟೀರಿಯಲ್ ಲಾಟ್ ಮೇಲೆ ನನಗೆ ಜಾಸ್ತಿ ಅನುಮಾನ. ಗಟ್ಟಿ ಮೆಟೀರಿಯಲ್ ಬಂದ ವಾರ ಇನ್ಸರ್ಟ್ ಬೇಗ ಸವೆಯುತ್ತದೆ, ಚಿಪ್ಸ್ ರೂಪ ಬದಲಾಗುತ್ತದೆ, ಫಿಲ್ಟರ್ ಕಟ್ಟಿಕೊಂಡು ಕೂಲೆಂಟ್ ಪ್ರೆಶರ್ ಕೂಡ ಇಳಿಯಬಹುದು. ಹಾಗಿದ್ದರೆ ಕೂಲೆಂಟ್ ಅಲಾರಂ ಕೋಳಿ.

ಇನ್ನು ಕೊನೆಗೆ ಹತ್ತು ಹದಿನೈದು ಸರಣಿ ಉಳಿದುಕೊಂಡವು ಅನ್ನೋಣ. ಅರ್ಧಕ್ಕರ್ಧ ಒಂದೇ ಕಥೆಯ ತುಂಡುಗಳಾಗಿರುತ್ತವೆ. ಇಲ್ಲಿ ಒಂದು ಸೊಗಸಾದ ವಿಚಾರ ಇದೆ. ಅಡುಗೆಮನೆಯಲ್ಲಿ ‘ಒಗ್ಗರಣೆ ಹಾಕು’ ಅಂದರೆ ಸಾಕು. ಎಣ್ಣೆ ಕಾಯಿಸು, ಸಾಸಿವೆ ಸಿಡಿಸು, ಉದ್ದಿನಬೇಳೆ ಕೆಂಪಗೆ ಮಾಡು, ಕರಿಬೇವು ಹಾಕು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಒಂದು ಮಾತಿನಲ್ಲಿ ಇಡೀ ಸರಣಿ, ಕ್ರಮದ ಸಮೇತ. ಒಂದು ಸರಣಿ ನಿಜವಾಗಿ ಏನನ್ನಾದರೂ ವಿವರಿಸುತ್ತದೆ ಅಂದರೆ, ಅದಕ್ಕೊಂದು ಹೆಸರಿಟ್ಟು ಬಳಸಿದಾಗ ಲಾಗ್ ಬರೆಯುವುದು ಚಿಕ್ಕದಾಗಬೇಕು. ನಿಕೊಲಾಯ್ ತಟ್ಟಿ ಮತ್ತು ಯಿಲ್ಲೆಸ್ ವ್ರೇಕೆನ್ 2012ರಲ್ಲಿ ಈ ಅಳತೆಗೋಲಿನಿಂದಲೇ ಸರಣಿಗಳನ್ನು ಆರಿಸುವ ವಿಧಾನ ಕೊಟ್ಟರು: ಹೆಸರುಗಳ ಪಟ್ಟಿ ಮತ್ತು ಆ ಹೆಸರುಗಳಿಂದ ಬರೆದ ಲಾಗ್, ಎರಡೂ ಸೇರಿ ಅತಿ ಚಿಕ್ಕದಾಗುವಂಥ ಸರಣಿಗಳನ್ನು ಮಾತ್ರ ಇಟ್ಟುಕೊಳ್ಳಿ. ಸಾವಿರಾರು ಸರಣಿ ಬರುವ ಕಡೆ ತುಂಬಾ ಕಮ್ಮಿ ಉಳಿಯುತ್ತವೆ, ಒಂದರ ಮಾತು ಇನ್ನೊಂದು ಹೇಳುವುದಿಲ್ಲ. ನೀವು ಕೈಯಲ್ಲೇ ಇದರ ಹತ್ತಿರಕ್ಕೆ ಬರಬಹುದು. ಅತಿ ಬಲವಾದ ಸರಣಿ ಆರಿಸಿ, ಅದು ವಿವರಿಸಿದ ನಿಲುಗಡೆಗಳನ್ನು ತೆಗೆದಿಡಿ, ಉಳಿದ ನಿಲುಗಡೆಗಳ ಮೇಲೆ ಮತ್ತೆ ಹುಡುಕಿ. ಮೂರು ಸುತ್ತಿಗೆ ಮುಗಿಯುತ್ತದೆ.

ಸಾಫ್ಟ್‌ವೇರ್ ಕೇಳಿದ್ದಿರಿ. ಆರು ಮಿಷನ್, ಎಂಟು ತಿಂಗಳ ಲಾಗ್‌ಗೆ ಎಕ್ಸೆಲ್ ಸಾಕು. ತೊಳೆಯುವುದು, ಅಂತರದ ಚಿತ್ರ, ವಾರ ತಳ್ಳುವುದು ಎಲ್ಲಾ ಅದರಲ್ಲೇ ಆಗುತ್ತದೆ. ಪೈಥಾನ್ ಗೊತ್ತಿದ್ದರೆ ಇನ್ನೂ ಬೇಗ. ಉದ್ದನೆಯ ಸರಣಿ ಹುಡುಕಬೇಕು ಅನ್ನಿಸಿದಾಗ ‘ಎಸ್‌ಪಿಎಂಎಫ್’ ಅಂತ ಒಂದು ಉಚಿತ ತಂತ್ರಾಂಶ ಇದೆ, ಎಪಿಸೋಡ್ ಹುಡುಕುವ ಹಲವು ವಿಧಾನಗಳು ಅದರಲ್ಲಿ ಸಿದ್ಧವಾಗಿವೆ. ಅದನ್ನು ಕಡೆಗೆ ಇಟ್ಟುಕೊಳ್ಳಿ. ಮೊದಲೇ ಓಡಿಸಿದರೆ ಬಾಗಿಲನ್ನೇ ಸಾವಿರ ರೂಪದಲ್ಲಿ ತಂದು ಕೊಡುತ್ತದೆ.

ಕೂಲೆಂಟ್ ಕೋಳಿಯೋ ಕಾರಣವೋ ಅನ್ನುವುದಕ್ಕೆ ಮಾತ್ರ ಲಾಗ್ ಬಿಟ್ಟು ಶಾಪ್‌ಗೆ ಇಳಿಯಬೇಕು. ಒಂದೇ ಬಗೆಯ ಪೀಸ್ ಮಾಡುವ ಮಿಷನ್‌ಗಳಲ್ಲಿ ಚೀಟಿ ಎತ್ತಿ ಅರ್ಧದಷ್ಟನ್ನು ಆರಿಸಿ. ಆ ಮಿಷನ್‌ಗಳ ಕೂಲೆಂಟ್ ಫಿಲ್ಟರ್ ದಿನಾ ತೊಳೆಸಿ, ಉಳಿದವಕ್ಕೆ ಈಗಿನ ಹಾಗೇ ಬಿಡಿ. ಎರಡು ತಿಂಗಳು ನೋಡಿ. ಕೂಲೆಂಟ್ ಅಲಾರಂ ಕಮ್ಮಿಯಾಗಿ ಸ್ಪಿಂಡಲ್ ನಿಲುಗಡೆ ಹಾಗೇ ಉಳಿದರೆ ಕೂಲೆಂಟ್ ಬಿಟ್ಟು ಮೆಟೀರಿಯಲ್ ಕಡೆ ತಿರುಗಿ. ಎರಡೂ ಒಟ್ಟಿಗೆ ಇಳಿದರೆ ಉಳಿದ ಮಿಷನ್‌ಗಳಿಗೂ ಅದೇ ಮಾಡಿಸಿ. ಫಿಲ್ಟರ್ ತೊಳೆದ ಹೊತ್ತನ್ನೂ ಲಾಗ್‌ಗೆ ಒಂದು ಸಾಲಾಗಿ ಸೇರಿಸುವುದನ್ನು ಮರೆಯಬೇಡಿ.